ಎರಡನೇ ಸಲದ ಸದ್ದು

ಗಾಡಿಯ ಪರೀಕ್ಷೆಗೆ ಬಂದಿದ್ದ ಮೇಡಂ, ಅದರ ಉದ್ದ ಕಬ್ಬಿಣದ ತೋಳಿಗೆ ಪೆನ್ಸಿಲ್ ಮೊನೆ ಒತ್ತಿ ಪಟಕ್ಕನೆ ಮುರಿದರು. ತೋಳಿನುದ್ದಕ್ಕೂ ಅಂಟಿಸಿದ್ದ, ಸದ್ದು ಹಿಡಿಯುವ ಬಿಲ್ಲೆಗಳಿಗೆ ಅದು ಕೇಳಿಸಿತೆಂದು ಅವರ ಕಂಪ್ಯೂಟರ್ ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು. ಇನ್ನೊಂದು ಕಡೆ ಒತ್ತಿ ಮತ್ತೊಂದು ಮೊನೆ ಮುರಿದರು. ಬೆಳಗಿನಿಂದ ಮುಖ ಗಂಟಿಕ್ಕಿಕೊಂಡಿದ್ದ ಲೈನ್‌ಮನ್‌ಗೂ ನಗು ಬಂತು. ಮನೆಯಲ್ಲಿ ಮಕ್ಕಳು ಪೆನ್ಸಿಲ್ ಮುರಿದರೆ ಬೈಗುಳ, ಇಲ್ಲಿ ಮುರಿದರೆ ಅದೇ ಉದ್ಯೋಗ!

ಕರೆಂಟು ಕಂಬದ ತುದಿಗೆ ಅವನನ್ನು ಎತ್ತುತ್ತಿದ್ದದ್ದು ಇದೇ ಗಾಡಿ. ತೋಳಿನ ತುದಿಯಲ್ಲಿ ಅವನು ನಿಲ್ಲುವ ಬುಟ್ಟಿಗೆ ಎಲ್ಲರೂ ತೊಟ್ಟಿಲು ಅನ್ನುತ್ತಿದ್ದರು. ಇವತ್ತು ಆ ತೊಟ್ಟಿಲಿಗೆ ಮರಳಿನ ಚೀಲಗಳು. ಯಾರೂ ಗಾಡಿ ಮುಟ್ಟಬಾರದು, ಒರಗಬಾರದು ಎಂದು ಮೇಡಂ ತಾಕೀತು ಮಾಡಿದ್ದರು. ಚೀಲ ಏರಿದಂತೆ ಪರದೆಯಲ್ಲಿ ಚುಕ್ಕಿಗಳೂ ಏರಿದವು. ಕಿವಿಗೆ ಏನೂ ಕೇಳಿಸದಿದ್ದರೂ ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಹೆದರಬೇಡಿ," ಅಂದರು ಮೇಡಂ. "ಭಾರ ಬಿದ್ದಾಗ ಮೊದಲನೇ ಸಲ ಸದ್ದು ಬಂದೇ ಬರುತ್ತೆ. ಒಂದ್ಸಲ ಹೊತ್ತ ಮೇಲೆ, ಅದಕ್ಕಿಂತ ಜಾಸ್ತಿ ಹೇರೋವರೆಗೂ ಸುಮ್ಮನಿರಬೇಕು. ನೋಡೋಣ."

ಚೀಲಗಳನ್ನು ಇಳಿಸುವವರೆಗೂ ಅವನಿಗೆ ಬೆಳಗಿನದೇ ಯೋಚನೆ. ಹೆಂಡತಿಯ ಕೈ ಜಾರಿ ಪಾತ್ರೆಯ ಮುಚ್ಚಳ ಬಿದ್ದಿತ್ತು, ಅಷ್ಟೇ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟಿದ್ದಳು. ಒಂದು ಕಡೆ ಲಕ್ವ ಹೊಡೆದು ಮಲಗಿದ ಅವನ ಅಮ್ಮನನ್ನು ವರ್ಷಗಟ್ಟಲೆ ಎತ್ತಿ ಕೂರಿಸಿ, ಮೀಯಿಸಿ, ಒಂದು ದಿನವೂ ಗೊಣಗದ ಹೆಂಗಸು ಅವಳು! ಅವಳ ಕೈ ಪಳಗಿದೆ ಎಂದು ಇವನೂ ಆರಾಮಾಗಿದ್ದ. ಅಂಥವಳು ಮುಚ್ಚಳಕ್ಕೆ ಅತ್ತರೆ? ಕಡ್ಡೀನ ಗುಡ್ಡ ಮಾಡಬೇಡ, ಇಷ್ಟಕ್ಕೆಲ್ಲ ನಖರಾ ಯಾಕೆ ಎಂದು ರೇಗಿ, ತಿಂಡಿ ಬಿಟ್ಟು ಹೊರಟು ಬಂದಿದ್ದ.

ಎರಡನೇ ಸಲ ಚೀಲ ಏರಿಸತೊಡಗಿದರು. ಅರ್ಧವೂ ಆಗಿರಲಿಲ್ಲ, ಚುಕ್ಕಿಗಳು ಮುತ್ತಿಕೊಂಡವು. ಮೇಡಂ ಕೈ ಎತ್ತಿ, ಎಲ್ಲ ಇಳಿಸಿ ಅಂದರು.

ಅವನಿಗೆ ಸಿಟ್ಟು ಬಂತು. ಗಾಡಿ ಮೂಲೆಗೆ ಬಿದ್ದರೆ ಕಂಬಕ್ಕೆ ಏಣಿ ಹೊತ್ತುಕೊಂಡು ಅಲೆಯಬೇಕಾದವನು ಅವನೇ. "ಈಗ ತಾನೇ ಇದರ ಎರಡರಷ್ಟು ಹೊತ್ತಿತ್ತಲ್ಲ ಮೇಡಂ? ಅರ್ಧಕ್ಕೇ ಏನಿದರ ನಖರಾ?"

"ನಖರಾ ಅಲ್ಲ," ಅಂದರು ಮೇಡಂ, ಪರದೆಯಿಂದ ಕಣ್ಣು ತೆಗೆಯದೆ. "ಮೊದಲು ಹೊತ್ತದ್ದಕ್ಕಿಂತ ಕಡಿಮೆ ಭಾರಕ್ಕೆ ಕೂಗ್ತಿದೆ ಅಂದ್ರೆ ಒಳಗೆ ಬಿರುಕು ಬೆಳೀತಿದೆ. ಬೀಳೋಕೆ ಮುಂಚೆ ಹೇಳ್ತಿದೆ, ಪುಣ್ಯ."

ತೋಳು ಮಡಚುವ ಜಾಗದಲ್ಲಿ ಬಣ್ಣ ಕೆರೆದು ನೋಡಿದರೆ, ಬೆಸುಗೆಯ ಮಗ್ಗುಲಲ್ಲಿ ಕೂದಲೆಳೆಯಷ್ಟು ಬಿರುಕು. ನಿನ್ನೆ ಸಂಜೆ ಅದೇ ತೋಳಿನ ತುದಿಯಲ್ಲಿ ನಿಂತು ಅವನು ಸಿಳ್ಳೆ ಹಾಕಿದ್ದ! ನಿಮ್ಮ ಹೊಟ್ಟೆ ತಣ್ಣಗಿರಲಿ, ಮಕ್ಕಳಿಗೆ ಅಪ್ಪನನ್ನು ಉಳಿಸಿಕೊಟ್ಟಿರಿ ಎಂದು ಮೇಡಂಗೆ ಕೈ ಮುಗಿದ. ಕೂಗಿದ್ದು ಗಾಡಿ, ನಾನು ಕೇಳಿಸಿಕೊಂಡೆ ಅಷ್ಟೆ ಎಂದು ಅವರು ಬಿಲ್ಲೆ ಕೀಳತೊಡಗಿದರು. ಅವನು ಎಲ್ಲರೆದುರಿಗೇ ಗಾಡಿಯ ತೋಳು ಸವರಿ, ದೊಡ್ಡ ಉಪಕಾರ ಮಾಡಿದೆ ಮಾರಾಯ ಅಂದ. ಸವರುತ್ತಿದ್ದ ಕೈ ಹಾಗೇ ನಿಂತಿತು. ಬೆಳಗಿನ ಮುಚ್ಚಳದ ಸದ್ದು ಈಗ ಕಿವಿಗೆ ಬಿತ್ತು.

ಮೇಲಿನವರಿಗೆ ಹೇಳಿ ಮಧ್ಯಾಹ್ನವೇ ಮನೆಗೆ ನಡೆದ. ಹೆಂಡತಿ ಮಂಚದ ಪಕ್ಕಕ್ಕೆ ಕುರ್ಚಿ ಎಳೆದು, ಅತ್ತೆಯನ್ನು ಎತ್ತಲು ಬಗ್ಗುತ್ತಿದ್ದಳು. ಒಂದು ಕೈ ತನ್ನ ಸೊಂಟದ ಮೇಲಿತ್ತು. ಆ ಕೈ ಅಲ್ಲಿ ಎಷ್ಟು ದಿನದಿಂದ ಇತ್ತೋ, ಅವನು ನೋಡಿದ್ದು ಇವತ್ತು.

"ಬಿಡು, ನಾನು ಎತ್ತುತೀನಿ," ಅಂದ.

"ಯಾಕ್ರೀ, ಮೈ ಹುಷಾರಿಲ್ವಾ?" ಅಂದಳು ಅವಳು. ಅವನು ಅಮ್ಮನ ಕಂಕುಳಿಗೆ ಕೈ ಹಾಕಿ ಎತ್ತಿದ. ಅಬ್ಬಾ, ಏನು ಭಾರ! ಬೆನ್ನು ಲಟಕ್ಕೆಂದಿತು. ಬಾಯಿಂದ "ಅಮ್ಮಾ" ಎಂದು ಹೊರಬಿತ್ತು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಲಕ್ವ ಹೊಡೆದ ಮೇಲೂ ಚುರುಕಾಗಿ ಉಳಿದದ್ದೆಂದರೆ ಅಮ್ಮನ ಬಲಗೈ ಮತ್ತು ನಾಲಿಗೆ. "ನಗಬೇಡ್ವೇ, ಮೊದಲನೇ ಸಲ ಎತ್ತುತಿದಾನೆ, ನರಳದೆ ಏನ್ಮಾಡ್ತಾನೆ? ನೀನೂ ಮೊದಮೊದಲು ನರಳ್ತಿದ್ದೆ," ಅಂದಳು ಮಗನ ಕೈಯಲ್ಲಿ ಜೋತಾಡುತ್ತಲೇ.

ಹೆಂಡತಿಯ ನಗು ನಿಂತಿತು. "ನಿಮಗೆ ಕೇಳಿಸ್ತಿತ್ತಾ ಅತ್ತೆ?"

"ಆಮೇಲೆ ಹಲ್ಲು ಕಚ್ಚಿಕೊಂಡು ನರಳದೆ ಇದ್ಯಲ್ಲ, ಅದೂ ಕೇಳಿಸ್ತಿತ್ತು ಕಣೇ. ನಿನ್ನ ಋಣ ನಾನೆಲ್ಲಿ ತೀರಿಸ್ಲಿ," ಅಂದಳು ಅಮ್ಮ. ಬಲಗೈಯನ್ನು ಸೊಸೆಯ ಕಡೆಗೆ ಚಾಚಿ, ಮಗನತ್ತ ತಿರುಗಿದಳು. "ನನ್ನನ್ನ ವಾಪಸ್ ಮಂಚಕ್ಕೇ ಇಳಿಸೋ. ಇವತ್ತು ಆ ಕುರ್ಚೀಲಿ ಅವಳು ಕೂರಲಿ."