ಬೀಕರ್ ಹಿಡಿದಿಟ್ಟ ಬಿಸಿ

ಮೊದಲೇ ಹೇಳಿಬಿಡುತ್ತೇನೆ... ಈ ಕಥೆಯಲ್ಲಿ ದಡ್ಡಿ ಬೇರೆ ಯಾರೂ ಅಲ್ಲ, ನಾನೇ. ಇಪ್ಪತ್ತೆರಡು ವರ್ಷ ಕೆಮಿಸ್ಟ್ರಿ ಪಾಠ ಹೇಳಿದವಳು.

ಗದಗ ಕಡೆಯ ಒಂದು ಪಿಯು ಕಾಲೇಜು. ಜನವರಿಯ ಚಳಿ. ಪ್ರಾಕ್ಟಿಕಲ್ ಪರೀಕ್ಷೆಗೆ ಮೂರೇ ದಿನ ಬಾಕಿ.

ರೆಕಾರ್ಡ್ ಪುಸ್ತಕಕ್ಕೆ ನನ್ನ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಸಹಿಗೆ ಅಂದೇ ಕೊನೆಯ ದಿನ...

ಪ್ರಯೋಗ ಸುಲಭದ್ದು. ಬೀಕರಿನಲ್ಲಿರುವ ಆಸಿಡ್‌ಗೆ ಅಷ್ಟೇ ಕಾಸ್ಟಿಕ್ ಸೋಡಾ ದ್ರಾವಣ ಸುರಿಯಬೇಕು. ಎರಡೂ ಸೇರಿ ಉಪ್ಪು, ನೀರು ಆಗುತ್ತವೆ, ಜೊತೆಗೆ ಬಿಸಿ ಹುಟ್ಟುತ್ತದೆ.

ಥರ್ಮಾಮೀಟರ್ ಎಷ್ಟು ಏರಿತೆಂದು ನೋಡಿ, ಹುಟ್ಟಿದ ಶಾಖ ಎಷ್ಟೆಂದು ಕಂಡುಹಿಡಿಯಬೇಕು. ಪುಸ್ತಕದ ಉತ್ತರ ಐವತ್ತೇಳು ಕಿಲೋಜೂಲ್.

ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿಗೆ ಸರಿಯಾಗಿ ಐವತ್ತೇಳೇ ಬಂದಿತ್ತು. ಹೇಗೆ ಬಂತೆಂದು ಕೇಳದೆ ನಾನು ಸಹಿ ಹಾಕಿದ್ದೆ...

ಉತ್ತರ ಮೊದಲು ಬರೆದು, ಅದಕ್ಕೆ ತಕ್ಕ ರೀಡಿಂಗ್ ಆಮೇಲೆ ಹುಟ್ಟಿಸುವ ವಿದ್ಯೆ ನಮ್ಮ ಕಾಲದಿಂದಲೂ ಇದೆ. ನಾನೂ ಅದರಲ್ಲಿ ಪಳಗಿದವಳೇ.

ಅನ್ನಪೂರ್ಣಾ ಎಂಬ ಹುಡುಗಿಗೆ ಮಾತ್ರ ಐವತ್ತು ಬಂದಿತ್ತು.

"ಎಲ್ಲಾರಿಗೂ ಬಂದದ್ದು ನಿನಗೊಬ್ಬಾಕಿಗೆ ಯಾಕ ಬರಲಿಲ್ಲ?" ಎಂದೆ.

"ಮೂರು ಸಲ ಮಾಡೀನ್ರಿ ಮೇಡಂ. ಅಷ್ಟ ಬರ್ತೈತ್ರಿ."

ಪಕ್ಕದವಳು ಮೆಲ್ಲಗೆ, "ಐವತ್ತೇಳು ಅಂತ ಬರದುಬಿಡಲೇ" ಎಂದಳು.

"ಬರಲಾರದ್ದನ್ನ ಹೆಂಗ ಬರೀಲಿ?" ಎಂದಳು ಅನ್ನಪೂರ್ಣಾ.

ನನಗೆ ರೇಗಿತು. "ಪುಸ್ತಕ ಸುಳ್ಳು, ನೀ ಒಬ್ಬಾಕಿ ಖರೆ ಏನು?" ಎಂದು ಸಹಿ ಹಾಕದೆ ರೆಕಾರ್ಡ್ ಪಕ್ಕಕ್ಕೆ ತಳ್ಳಿದೆ.

ಹುಡುಗಿಯ ಕಣ್ಣು ತುಂಬಿ ಬಂತು. ಅವಳ ಒಂದು ವರ್ಷವೇ ಆ ಪುಸ್ತಕದಲ್ಲಿತ್ತು...

ಆಗ ಹಿಂದಿನ ಸಿಂಕ್ ಹತ್ತಿರ ನಳ ನಿಂತಿತು. ನಮ್ಮ ಲ್ಯಾಬ್ ಅಟೆಂಡರ್ ಫಕ್ಕೀರಪ್ಪ ಒದ್ದೆ ಕೈಯಲ್ಲೇ ಮುಂದೆ ಬಂದರು. ನನಗಿಂತ ಮೊದಲಿನಿಂದ ಆ ಲ್ಯಾಬಿನಲ್ಲಿದ್ದವರು.

"ಮೇಡಂ, ಸಿಟ್ಟಾಗಲಿಲ್ಲ ಅಂದ್ರ ಒಂದು ಮಾತ್ರಿ..."

"ಏನದು?"

"ಈ ಪ್ರಯೋಗದ ಬೀಕರ್ ನಾ ಮೊದಲ ತೊಳೀತೀನ್ರಿ. ಥಂಡಿ ದಿನದಾಗ ನಳದ ನೀರಿಗೆ ಕೈ ಮರಗಟ್ತಾವು. ಇವಷ್ಟ ಬೆಚ್ಚಗಿರ್ತಾವು, ಕೈಗೆ ಹಿತ ಆಗ್ತೈತ್ರಿ."

ಅನ್ನಪೂರ್ಣಾಳ ಬೀಕರಿನತ್ತ ಕೈ ತೋರಿಸಿ ಕೇಳಿದರು... "ಆ ಬಿಸಿ ನೀವು ಲೆಕ್ಕದಾಗ ಎಲ್ಲಿ ಹಿಡದೀರಿ?"

ಅದನ್ನು ಕೈಗೆತ್ತಿಕೊಂಡೆ. ದಪ್ಪ ಗಾಜು... ಬೆಚ್ಚಗಿತ್ತು.

"ಪಾತ್ರೆ ಹೀರಿಕೊಂಡ ಶಾಖವನ್ನು ಬಿಟ್ಟುಬಿಡಿ" ಎಂದು ಪ್ರತಿ ವರ್ಷ ನಾನೇ ನೋಟ್ಸ್ ಬರೆಸುತ್ತಿದ್ದೆ. ಸುಲಭವಾಗಲಿ ಎಂದು. ಬಿಟ್ಟಿದ್ದೇವೆ ಎನ್ನುವುದನ್ನೇ ಮರೆತುಬಿಟ್ಟಿದ್ದೆ.

ಬೀಕರ್ ತೂಗಿದೆವು. ನೂರಾಮೂವತ್ತು ಗ್ರಾಂ. ಅದರ ಪಾಲಿನ ಶಾಖ ಸೇರಿಸಿ ಅನ್ನಪೂರ್ಣಾ ಮತ್ತೆ ಕೂಡಿದಳು. ಐವತ್ತಾರೂವರೆ ದಾಟಿತು.

"ಉಳಿದದ್ದು ಎಲ್ಲಿ ಹೋತ್ರಿ ಮೇಡಂ?"

"ಗಾಳಿಗೆ ಹೋಗಿರಬೇಕವ್ವ" ಎಂದೆ.

ಮೂವತ್ತೊಂಬತ್ತು ಸುಳ್ಳಿಗೆ ಸಹಿ ಹಾಕಿ, ಒಂದು ನಿಜವನ್ನು ತಳ್ಳಿದ್ದೆ.

ಇನ್ನೂ ಒಂದು ನೆನಪಾಯಿತು... ಆ ಬೆಳಿಗ್ಗೆ ಪ್ರಿನ್ಸಿಪಾಲರು ನನ್ನನ್ನು ಬೈದಿದ್ದರು. ನಾನು ಅದನ್ನೆಲ್ಲ ಫಕ್ಕೀರಪ್ಪನವರ ಮೇಲೆ ಸುರಿದು, ನಗುನಗುತ್ತಾ ಕ್ಲಾಸಿಗೆ ಬಂದಿದ್ದೆ.

ಮಕ್ಕಳು ನನ್ನನ್ನು ಕೂಲ್ ಮೇಡಂ ಎನ್ನುತ್ತಿದ್ದರು. ನಾನು ಕೂಲ್ ಆಗಿರಲು ಯಾರು ಬಿಸಿಯಾಗುತ್ತಿದ್ದರು ಎಂದು ಯಾರೂ ಕೇಳಿರಲಿಲ್ಲ. ನಾಚಿಕೆಯಿಂದ ಅಳು ಬಂತು.

"ತಪ್ಪಾತ್ರಿ ಫಕ್ಕೀರಪ್ಪನವರ" ಎಂದೆ, ಮಕ್ಕಳೆದುರಿಗೇ.

"ಇರ್ಲಿ ಬಿಡ್ರಿ ಮೇಡಂ. ಮೊದಲ ಆ ಹುಡುಗಿ ಬುಕ್ಕಿಗೆ ಸಹಿ ಹಾಕ್ರಿ" ಎಂದರು ಅವರು.

ಹಾಕಿದೆ. ಉಳಿದ ಮೂವತ್ತೊಂಬತ್ತು ರೆಕಾರ್ಡ್ ವಾಪಸ್ ಕೊಟ್ಟು, ಪ್ರಯೋಗ ಮತ್ತೆ ಮಾಡಿಸಿದೆ. ಎಲ್ಲರೂ ಮನಸ್ಸಿನಲ್ಲೇ ನನಗೆ ಸಹಸ್ರನಾಮ ಮಾಡಿರಬೇಕು...

ಹೊರಡುವ ಮುನ್ನ ಅನ್ನಪೂರ್ಣಾ ಉತ್ತರದ ಕೆಳಗೆ ಒಂದು ಸಾಲು ಬರೆದು ಫಕ್ಕೀರಪ್ಪನವರ ಮುಂದೆ ಹಿಡಿದಳು.

"ಬೀಕರಿನ ಶಾಖವನ್ನು ತೋರಿಸಿಕೊಟ್ಟವರು: ಶ್ರೀ ಫಕ್ಕೀರಪ್ಪ."

ಅವರು ಎರಡೂ ಕೈಗಳನ್ನು ಅಂಗಿಗೆ ಒರೆಸಿಕೊಂಡು ಪುಸ್ತಕ ಹಿಡಿದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು.

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು...

"ಇಷ್ಟು ವರ್ಷ ಈ ಲ್ಯಾಬಿನಾಗ ಏನಾರ ಒಡದಾಗಷ್ಟ ನನ್ನ ಹೆಸರು ಬರೀತಿದ್ರಿ ಮೇಡಂ."

*

ಉತ್ತರ ಹೊಂದದಿದ್ದಾಗ ಎದುರಿಗಿದ್ದವರನ್ನು ಬೈಯುವ ಮೊದಲು, ನಾವು ಯಾರನ್ನು ಎಣಿಸದೆ ಬಿಟ್ಟಿದ್ದೇವೆ ಎಂದು ನೋಡಿಕೊಳ್ಳಬೇಕು.

ಇವತ್ತು ನೀವು ತಣ್ಣಗೆ ಕೂತು ಇದನ್ನು ಓದುತ್ತಿದ್ದೀರಲ್ಲ... ನಿಮ್ಮ ಪಾಲಿನ ಬಿಸಿಯನ್ನು ಮಾತಿಲ್ಲದೆ ಹಿಡಿದುಕೊಂಡವರು ಯಾರು?