ಬೆಟ್ಟದ ಮೇಲಿನ ಧ್ವನಿ

“ಆ ಮನುಷ್ಯ ಏನನ್ನೋ ಮುಚ್ಚಿಡ್ತಿದ್ದಾನೆ,” ಎಂದಳು ನಿಯಂತ್ರಣ ಗೋಪುರದ ಅಧಿಕಾರಿಣಿ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತ.

ಹಿಂದೆ ವಿಮಾನ ಹಾರಾಟದ ತರಬೇತುದಾರ ನಿಂತಿದ್ದ. ಮಧ್ಯಾಹ್ನ ಅವನೇ ಬೆನ್ನು ತಟ್ಟಿ ಒಬ್ಬಳನ್ನೇ ಹಾರಲು ಕಳಿಸಿದ್ದ ಶಿಷ್ಯೆ ಈಗ ಬೆಟ್ಟಗಳ ನಡುವಿನ ಕಣಿವೆಯಲ್ಲಿ ದಾರಿ ತಪ್ಪಿದ್ದಳು. ಮೋಡ ಮೇಲಿನಿಂದ ಮುಚ್ಚಳ ಹಾಕಿದಂತೆ ಕೂತುಬಿಟ್ಟಿತ್ತು. ಬೆಟ್ಟ ಅಡ್ಡ ಬಂದು ಅವಳ ರೇಡಿಯೊ ಗೋಪುರಕ್ಕೆ ಕೇಳುತ್ತಿರಲಿಲ್ಲ. ಗೋಪುರದ್ದು ಅವಳಿಗೂ ಕೇಳುತ್ತಿರಲಿಲ್ಲ.

ಎರಡೂ ಕೇಳುತ್ತಿದ್ದದ್ದು ಒಬ್ಬನಿಗೆ ಮಾತ್ರ. ಬೇರೆ ಊರಿಗೆ ಸರಕು ಹೊತ್ತು ಹೊರಟಿದ್ದ ಪುಟ್ಟ ವಿಮಾನದ ಪೈಲಟ್‌ಗೆ. ವರ್ಷಗಟ್ಟಲೆ ಈ ಆಕಾಶದಲ್ಲಿ ಮೂಟೆ ಸಾಗಿಸಿ ಅವನಿಗೆ ‘ಮೂಟೆ’ ಎಂದೇ ಹೆಸರು ಬಿದ್ದಿತ್ತು. ‘ಮೇಡೇ, ಮೇಡೇ’ ಎಂಬ ಹುಡುಗಿಯ ಆಪತ್ತಿನ ಕೂಗು ಕೇಳಿದವನೇ ಮೋಡದ ಮೇಲೆ ಗಿರಕಿ ಹೊಡೆಯುತ್ತ, ಅಲ್ಲಿಯ ಮಾತನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ದಾಟಿಸತೊಡಗಿದ್ದ.

“ನೀವು ಮಾತ್ರ ಕೆಳಗಿಳೀಬೇಡಿ ಮೂಟೆಯವರೆ,” ಎಂದು ಅಧಿಕಾರಿಣಿ ಮೊದಲೇ ಹೇಳಿದ್ದಳು. “ನೀವಿಳಿದ್ರೆ ದಾರ ಕಡಿದ ಹಾಗೆ. ಅವಳು ಯಾರಿಗೂ ಸಿಗಲ್ಲ.”

“ಆಯ್ತು ಅಕ್ಕಾವ್ರೆ. ಮನೇಲಿ ಹೆಂಡತಿ ಬೈಯೋಕೆ ಕಾಯ್ತಿದ್ದಾಳೆ. ನನಗೇನು ಅವಸರ.”

ಆಮೇಲೆ ತಮಾಷೆ ನಿಂತಿತು. ಮಾತು ತುಂಡು ತುಂಡಾಗುತ್ತ ಬಂತು. ಧ್ವನಿ ಕೇಳಿದರೆ ಸಾಕು, ಮನುಷ್ಯನ ಹೊಟ್ಟೆಯೊಳಗೇನಿದೆ ಹೇಳಬಲ್ಲೆ ಎನ್ನುವುದು ಅಧಿಕಾರಿಣಿಯ ಜಂಬ. ಈ ಧ್ವನಿಯಲ್ಲಿ ಭಯವಿತ್ತು. ಹುಡುಗಿಗೆ ಏನೋ ಆಗಿದೆ, ಹೇಳಲು ಅವನಿಗೆ ಬಾಯಿ ಬರುತ್ತಿಲ್ಲ ಎಂದುಕೊಂಡಳು.

“ಅಕ್ಕಾವ್ರೆ, ನಿಮ್ಮ ರನ್‌ವೇ ಎಷ್ಟು ಉದ್ದ?”

ಹೇಳಿದಳು. ಹೇಳಿ, ತರಬೇತುದಾರನ ಕಡೆ ತಿರುಗಿದಳು. “ದಿನಾ ಇಲ್ಲೇ ಹಾರಿ ಇಳಿಯೋ ಹುಡುಗಿ ಇದನ್ನ ಯಾಕೆ ಕೇಳ್ತಾಳೆ?”

“ಹೆದರಿದ್ರೆ ನಮ್ಮ ಹೆಸರೇ ನಮಗೆ ಮರೆತುಹೋಗುತ್ತೆ ಮೇಡಂ.”

ರೇಡಿಯೊ ಮತ್ತೆ ಕರಕರ ಎಂದಿತು. “ರನ್‌ವೇ ಮುಗಿದ ಮೇಲೆ ಏನಿದೆ? ಬಯಲಾ, ಮನೆಗಳಾ?”

ತರಬೇತುದಾರ ಅವಳ ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದ. “ರನ್‌ವೇಲಿ ನಿಲ್ಲಿಸೋಕೆ ತನ್ನ ಕೈಲಾಗಲ್ಲ ಅಂತ ಅವಳಿಗೆ ಅನ್ನಿಸಿಬಿಟ್ಟಿದೆ,” ಎಂದ ಮೆಲ್ಲಗೆ. “ನಾನೇ ಕಳಿಸಿದ್ದು.”

“ಬಯಲು,” ಎಂದಳು ಅವಳು ರೇಡಿಯೊಗೆ. “ಮೂಟೆಯವರೆ, ನಿಜ ಹೇಳಿ. ಪರಿಸ್ಥಿತಿ ಹೇಗಿದೆ?”

“ಹುಡುಗಿ ಚೆನ್ನಾಗಿದ್ದಾಳೆ. ಹೊಳೆ ಹಿಡ್ಕೊಂಡು ಬಾ ಅಂದಿದ್ದೀನಿ. ಬರ್ತಿದ್ದಾಳೆ.”

“ನಿಮ್ಮ ಧ್ವನಿ ಹಾಗನ್ನಲ್ಲ.”

“ನನ್ನ ಧ್ವನಿ ಬಿಡಿ. ಅಗ್ನಿಶಾಮಕದವರನ್ನ ರನ್‌ವೇ ಹತ್ರ ನಿಲ್ಸಿ.”

ಅವಳು ಅಗ್ನಿಶಾಮಕದವರನ್ನು ಕರೆಯುವ ಗುಂಡಿ ಒತ್ತಿದಳು. ಕೆಳಗೆ ಕೆಂಪು ವಾಹನಗಳು ಹೊರಟವು. ತರಬೇತುದಾರ ಗಾಜಿನ ಕಿಟಕಿಗೆ ಬೆನ್ನು ಹಾಕಿ ನಿಂತ. ನೋಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಆಗ ಕಣಿವೆಯ ಬಾಯಲ್ಲಿ, ಮೋಡದ ಅಂಚಿನ ಕೆಳಗೆ, ಬಿಳಿ ಚುಕ್ಕೆಯೊಂದು ಕಂಡಿತು. ಹೆಡ್‌ಫೋನಿನಲ್ಲಿ ನೇರವಾಗಿ ಹುಡುಗಿಯ ಧ್ವನಿ: “ಟವರ್, ರನ್‌ವೇ ಕಾಣ್ತಿದೆ. ಇಳೀಲಾ?”

ಅಳುವಿಲ್ಲ, ನಡುಕವಿಲ್ಲ. ಹೆದರಿ ಎಲ್ಲ ಮರೆತವಳ ಮಾತೂ ಅದಲ್ಲ. ಅಧಿಕಾರಿಣಿಗೆ ಸೋಜಿಗವಾಯಿತು, ಆದರೆ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಪುಟ್ಟ ವಿಮಾನ ಒಮ್ಮೆಯೂ ಪುಟಿಯದೆ ನೆಲ ಮುಟ್ಟಿತು, ಓಡಿತು, ಪಕ್ಕದ ದಾರಿಗೆ ಹೊರಳಿ ನಿಂತಿತು. ತರಬೇತುದಾರ ನೆಲದ ಮೇಲೆ ಕುಸಿದು ಕೂತು, ನಗುತ್ತಲೋ ಅಳುತ್ತಲೋ ಮುಖ ಒರೆಸಿಕೊಂಡ.

ಅಧಿಕಾರಿಣಿ ಉಸಿರು ಬಿಟ್ಟಳು. “ಪುಣ್ಯ ಕಟ್ಕೊಂಡ್ರಿ ಮೂಟೆಯವರೆ. ಇನ್ನು ನಿಮ್ಮ ದಾರಿ ನೀವು ಹಿಡೀರಿ.”

ಉತ್ತರ ಬಂದಾಗ, ಆ ಧ್ವನಿಯ ಹಿಂದೆ ಇಂಜಿನಿನ ಸದ್ದೇ ಇರಲಿಲ್ಲ. ಬರೀ ಗಾಳಿಯ ಸುಯ್ಲು.

“ಆ ಹುಡುಗಿ ಒಂದು ಪ್ರಶ್ನೆನೂ ಕೇಳಿರ್ಲಿಲ್ಲ ಅಕ್ಕಾವ್ರೆ, ಕೇಳಿದ್ದೆಲ್ಲ ನನಗೋಸ್ಕರ. ಇಂಧನ ಮುಗೀತು, ನಿಮ್ಮ ಕಡೆಗೇ ಬರ್ತಿದ್ದೀನಿ. ಮೇಡೇ, ಮೇಡೇ, ಮೇಡೇ.”