ನಾಲ್ಕನೆಯ ಅಧ್ಯಾಯದ ಹಸು

"ಹನ್ನೊಂದನೇ ಪುಟದಲ್ಲಿ ಹಸು ಯಾಕೆ ಬಂತು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?" ಎಂದು ಪ್ರೊಫೆಸರ್ ಕೇಳಿದಳು.

ಕೇಳಿದವಳು ಡಾಕ್ಟರಮ್ಮನ ಕೊನೆಯ ತಂಗಿಗಿಂತಲೂ ಚಿಕ್ಕವಳು. ಡಾಕ್ಟರಮ್ಮನಾದರೋ ಕಾನೂನಿನಲ್ಲಿ ಡಾಕ್ಟರೇಟ್ ಮುಗಿಸಿ, ಕಾಲೇಜಿನಲ್ಲಿ ಪಾಠ ಮಾಡಿ, ತಲೆ ಅರ್ಧ ನರೆತ ಮೇಲೆ ಪರದೇಶಕ್ಕೆ ಮಾಸ್ಟರ್ಸ್ ಓದಲು ಬಂದವರು. "ಮಕ್ಕಳಾದ ಮೇಲೆ ನಿಶ್ಚಿತಾರ್ಥ ಮಾಡ್ಕೊಂಡ ಹಾಗಾಯ್ತು ನಿನ್ನ ಕಥೆ" ಎಂದು ಅತ್ತೆ ಬಾಯಿಬಿಟ್ಟೇ ಹೇಳಿದ್ದರು. ಸಹೋದ್ಯೋಗಿಗಳು ಅಷ್ಟನ್ನೂ ಹೇಳದೆ ಮುಸಿಮುಸಿ ನಕ್ಕಿದ್ದರು. ಈ ಮೊದಲ ಪ್ರಬಂಧ ಪಾಸಾಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಅದೇ ನಗುವಿನ ಬಾಯಿಗೆ ಮತ್ತೆ ಬೀಳಬೇಕಿತ್ತು. ಯಾಕಪ್ಪಾ ಗ್ರಹಚಾರ ಅಂತ ಡಾಕ್ಟರಮ್ಮ ತಮ್ಮದೇ ಥೀಸಿಸ್ಸಿನ ನಾಲ್ಕನೆಯ ಅಧ್ಯಾಯವನ್ನು ಎತ್ತಿ, ತಲೆಬರಹ ಬದಲಾಯಿಸಿ ಕೊಟ್ಟುಬಿಟ್ಟಿದ್ದರು. ಸ್ವಂತ ಮನೆಯ ಸಾಮಾನು, ಕದ್ದದ್ದೇನೂ ಅಲ್ಲವಲ್ಲ.

"ಯಾವ ಹಸು?" ಎಂದರು ಡಾಕ್ಟರಮ್ಮ.

ಪ್ರೊಫೆಸರ್ ಪ್ರಬಂಧವನ್ನು ಮೇಜಿನ ಮೇಲೆ ಅವರತ್ತ ತಿರುಗಿಸಿದಳು. ಪುಟದ ಅಂಚಿನ ತುಂಬ ಸಣ್ಣ ಅಕ್ಷರದ ಪೆನ್ಸಿಲ್ ಟಿಪ್ಪಣಿ. ನಡುವೆ ಡಾಕ್ಟರಮ್ಮನ ಘನವಾದ ಗದ್ಯ: 'ಅಹವಾಲು ಕೇಳದೆ ಯಾವ ವ್ಯಕ್ತಿಯ ಮೇಲೂ ಕ್ರಮ ಕೈಗೊಳ್ಳತಕ್ಕದ್ದಲ್ಲ. ಆದ್ದರಿಂದ ಕೆಚ್ಚಲು ಬಾವು ಬಂದ ಹಸುವನ್ನು ಹಿಂಡಿನಿಂದ ಬೇರ್ಪಡಿಸಿ, ಮೊದಲ ಹಾಲನ್ನು ಹಿಂಡಿ ಪರೀಕ್ಷಿಸಿ, ಮುಲಾಮು ಹಚ್ಚತಕ್ಕದ್ದು.' ಅಲ್ಲಿಂದ ಒಂದೂವರೆ ಪುಟ ಹಸುವಿನದೇ ಕಾರುಬಾರು. ಆಮೇಲೆ ಏನೂ ಆಗಿಲ್ಲವೆಂಬಂತೆ, 'ಹೀಗಾಗಿ ನ್ಯಾಯಾಧೀಶನು ನಿಷ್ಪಕ್ಷಪಾತಿಯಾಗಿರಬೇಕು' ಎಂದು ಕಾನೂನು ಮುಂದುವರಿದಿತ್ತು.

"ಮೂರು ಸಲ ಓದಿದೆ" ಎಂದಳು ಪ್ರೊಫೆಸರ್. ಅವಳ ದನಿಯಲ್ಲಿ ಗೇಲಿ ಇರಲಿಲ್ಲ, ಅದಕ್ಕೇ ಡಾಕ್ಟರಮ್ಮನಿಗೆ ಹೆಚ್ಚು ಉರಿಯಿತು. "ಮೊದಲು ಉಪಮೆ ಇರಬೇಕು ಅಂದ್ಕೊಂಡೆ. ಹಿಂಡಿನಿಂದ ಬೇರ್ಪಡಿಸೋದು ಅಂದ್ರೆ ಅಮಾನತು. ಮೊದಲ ಹಾಲು ಅಂದ್ರೆ ಪ್ರಾಥಮಿಕ ಸಾಕ್ಷ್ಯ. ಅಲ್ಲಿವರೆಗೂ ಚೆನ್ನಾಗೇ ಹೊಂದುತ್ತೆ. ಮುಲಾಮು ಬಂದ ಮೇಲೆ ಕೈಬಿಟ್ಟೆ."

ಡಾಕ್ಟರಮ್ಮನಿಗೆ ಥೀಸಿಸ್ ಟೈಪ್ ಮಾಡಿಸಿದ ಅಂಗಡಿ ನೆನಪಾಯಿತು. ಅದರ ಬೆಂಚಿನ ಮೇಲೆ ಪಶುವೈದ್ಯಕೀಯದ ಹುಡುಗನೊಬ್ಬ ಪಕ್ಕದಲ್ಲೇ ಕೂತು ತನ್ನ ಥೀಸಿಸ್ಸಿಗಾಗಿ ಕಾಯುತ್ತಿದ್ದ. ಟೈಪಿಸ್ಟ್ ಒಂದರ ಕೈಬರಹದ ಹಾಳೆ ಇನ್ನೊಂದಕ್ಕೆ ಸೇರಿಸಿ ಟೈಪ್ ಮಾಡಿದ್ದಾನೆ. ಹಾಗಾದರೆ ಆ ಹುಡುಗನ ಪುಸ್ತಕದಲ್ಲಿ ಯಾವ ಹಸು ನ್ಯಾಯಾಧೀಶರ ಮುಂದೆ ಅಹವಾಲು ಹೇಳಿಕೊಳ್ಳುತ್ತಿದೆಯೋ ದೇವರೇ ಬಲ್ಲ. ಟೈಪಾಗಿ ಬಂದ ಮೇಲೆ ಡಾಕ್ಟರಮ್ಮನೂ ಅದನ್ನು ಓದಿರಲಿಲ್ಲ, ಬೈಂಡಿನ ಬಣ್ಣ ಮಾತ್ರ ನೋಡಿದ್ದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು, "ಇದು ನನ್ನ ಥೀಸಿಸ್ಸಿನ ಅಧ್ಯಾಯ" ಎಂದು ಒಪ್ಪಿಕೊಂಡರು.

"ಅಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ವಾ?"

ಕೇಳಿದ್ದರು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು, ಊಟ ಎಷ್ಟು ಹೊತ್ತಿಗೆ ಎಂದು ಕೇಳಿದ್ದರು. ಇನ್ನೊಬ್ಬರು ಪುಸ್ತಕವನ್ನು ಕೈಯಲ್ಲಿ ಎತ್ತಿ ನೋಡಿ, ನಾಲ್ಕನೆಯ ಅಧ್ಯಾಯ ವಿಶೇಷವಾಗಿ ತೂಕವಾಗಿದೆ ಎಂದು ಹೊಗಳಿದ್ದರು. ಇದನ್ನೆಲ್ಲ ಈ ಹುಡುಗಿಗೆ ಹೇಗೆ ಹೇಳುವುದು? ಡಾಕ್ಟರಮ್ಮ ಇಲ್ಲವೆಂದು ತಲೆ ಆಡಿಸಿದರು.

"ಹಳೇ ಬರಹ ಇಲ್ಲಿ ನಡೆಯಲ್ಲ. ಹಸು ಇಲ್ದಿದ್ರೂ ನಡೆಯಲ್ಲ" ಎಂದಳು ಪ್ರೊಫೆಸರ್. "ಶುಕ್ರವಾರದೊಳಗೆ ಹೊಸದಾಗಿ ಬರ್ಕೊಂಡು ಬನ್ನಿ. ಅದೊಂದೇ ಅವಕಾಶ."

"ಬರ್ದರೆ ನೀವು ಓದ್ತೀರಾ?"

"ಓದದೆ ಹೇಗೆ ಅಂಕ ಕೊಡ್ಲಿ?"

ಡಾಕ್ಟರಮ್ಮನಿಗೆ ಆದದ್ದು ನಾಚಿಕೆಯೊಂದೇ ಅಲ್ಲ. ಏಳು ವರ್ಷ ನಿದ್ದೆಗೆಟ್ಟು ಬರೆದದ್ದಕ್ಕೆ ಇವತ್ತು ಮೊದಲ ಸಲ ಓದುವವಳೊಬ್ಬಳು ಸಿಕ್ಕಿದ್ದಳು. ಯಾರೂ ಓದದೆಯೇ ತಾನು ಡಾಕ್ಟರಾಗಿಬಿಟ್ಟೆನಲ್ಲ. ಪ್ರಬಂಧವನ್ನು ಎದೆಗವಚಿಕೊಂಡು ಹೊರಗೆ ಬಂದವರೇ ಮೊಗಸಾಲೆಯ ಕಿಟಕಿಯ ಬಳಿ ನಿಂತು ತಮ್ಮ ಹಳೆಯ ಗೈಡ್‌ಗೆ ಫೋನ್ ಮಾಡಿದರು. ಒಮ್ಮೆಯಾದರೂ ಆ ಮಹಾನುಭಾವರನ್ನು ತರಾಟೆಗೆ ತೆಗೆದುಕೊಳ್ಳಬೇಕಿತ್ತು.

"ಸರ್, ನಿಜ ಹೇಳಿ. ನನ್ನ ನಾಲ್ಕನೇ ಅಧ್ಯಾಯ ನೀವು ಓದಿದ್ರಾ?"

"ಏನಮ್ಮಾ ಹೀಗೆ ಕೇಳ್ತೀಯಾ? ಹಸು ಬರುತ್ತಲ್ಲ, ಅದೇ ತಾನೇ? ಅಕ್ಷರ ಅಕ್ಷರ ಓದಿದೀನಿ" ಎಂದರು ಗೈಡ್. ಬಾಯಲ್ಲಿ ಏನೋ ಅಗಿಯುತ್ತಿದ್ದರು. "ಬಹಳ ಹಿಡಿಸಿತ್ತು ನಂಗೆ. ನೀನು ಹೋದ ಮೇಲೆ ನನ್ನ ಇನ್ನಿಬ್ಬರು ವಿದ್ಯಾರ್ಥಿಗಳಿಗೂ ಅದನ್ನೇ ಕೊಟ್ಟೆ. ಇಬ್ಬರಿಗೂ ಡಾಕ್ಟರೇಟ್ ಆಯ್ತು."

"ಹಸು ಸಮೇತವಾ ಸರ್?"

"ಛೆ ಛೆ, ಕಾಪಿ ಹೊಡೆಯೋಕೆ ನಾನು ಬಿಡ್ತೀನಾ? ಒಬ್ಬನಿಗೆ ಎಮ್ಮೆ ಹಾಕಿಸಿದೆ, ಇನ್ನೊಬ್ಬಳಿಗೆ ಮೇಕೆ. ಸಂಶೋಧನೆ ಅಂದ ಮೇಲೆ ಸ್ವಂತದ್ದು ಅಂತ ಒಂದಾದ್ರೂ ಬೇಡ್ವಾ?"